ಹನ್ನೊಂದು ದೊಡ್ಡ ಅಂಗಿಗಳು

ಮೊನ್ನೆ ಮೊಮ್ಮಗ ಹೊಸ ಜರ್ಸಿ ತೊಟ್ಟುಕೊಂಡು ಬಂದು ನನ್ನ ಮುಂದೆ ನಿಂತ. ಯಾವುದೋ ಪರದೇಶದ ಫುಟ್ಬಾಲ್ ಕ್ಲಬ್ಬಿನದಂತೆ. ಆಗಷ್ಟೇ ಚೀಲ ಹರಿದು ತೆಗೆದದ್ದು, ಹೊಸ ಬಟ್ಟೆಯ ವಾಸನೆ ಇನ್ನೂ ಹೋಗಿರಲಿಲ್ಲ. ತೋಳು ಮೊಣಕೈ ದಾಟಿತ್ತು, ಅಂಚು ಮೊಣಕಾಲು ಮುಟ್ಟುತ್ತಿತ್ತು. "ಅಳತೆ ತಪ್ಪಿ ತರಿಸ್ಕೊಂಡಿದಾನೆ ಮಾವ, ವಾಪಸ್ ಕಳ್ಸೋ ಅಂದ್ರೆ ಕೇಳಲ್ಲ" ಎಂದು ಸೊಸೆ ಅಡುಗೆಮನೆಯಿಂದ ಗೊಣಗುತ್ತಿದ್ದಳು. ಅವನು ಆ ಕಡೆ ಕಿವಿಯನ್ನೂ ಕೊಡದೆ ಫೋನಿನಲ್ಲಿ ಗೆಳೆಯರ ಜೊತೆ ಬಿದ್ದು ಬಿದ್ದು ನಗುತ್ತಿದ್ದ. ಎದುರಾಳಿ ಕ್ಲಬ್ಬನ್ನು ಯಾರೋ ಭಾರೀ ಶ್ರೀಮಂತ ಕೊಂಡುಕೊಳ್ಳುತ್ತಾನೆ, ಇನ್ನು ಕಪ್‌ಗಳೆಲ್ಲ ತಮ್ಮವೇ ಎಂದು ಅವರ ಅಭಿಮಾನಿಗಳು ಕುಣಿದಿದ್ದರಂತೆ. ಈಗ ಆ ಶ್ರೀಮಂತ ಕೈ ಎತ್ತಿದನಂತೆ. "ಅವರ ಮುಖ ನೋಡ್ಬೇಕು ತಾತ!" ಎಂದ.

ನನಗೆ ನಗು ಬರಲಿಲ್ಲ. ಆ ವಾಸನೆ, ಆ ಜೋತುಬಿದ್ದ ತೋಳು... ಮುಳಬಾಗಿಲಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿ, ಅಲ್ಲಿ ನಮ್ಮ ಮನೆಗೆ ಅಂಟಿಕೊಂಡಂತೆ ಇದ್ದ ಸಣ್ಣ ಅಂಗಡಿ, ಅದರೊಳಗೆ ಹೊಲಿಗೆ ಮಿಷನ್ನಿನ ಹಿಂದೆ ಕೂತ ಟೈಲರಣ್ಣ, ಎಲ್ಲ ಒಟ್ಟಿಗೆ ಎದ್ದು ಬಂದವು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಆಗ ಸೊಸೈಟಿಯಲ್ಲಿ ಗುಮಾಸ್ತ. ಸಂಜೆಯಾದರೆ ಹೈಸ್ಕೂಲ್ ಮೈದಾನದಲ್ಲಿ ನಮ್ಮೂರ ಕ್ಲಬ್ಬಿಗೆ ಫುಟ್ಬಾಲ್ ಆಡುತ್ತಿದ್ದೆ. ಹಿಂದೆ ನಿಂತು ಚೆಂಡನ್ನು ತಡೆಯುವ ಕೆಲಸ. ಚೆಂಡು ಸಿಗದಿದ್ದರೆ ಚೆಂಡು ತಂದವನ ಕಾಲಾದರೂ ನನಗೆ ಸಿಗುತ್ತಿತ್ತು. ಈ ಆಟ ನಮ್ಮ ಕಡೆಗೆ ಬಂದದ್ದು ಚಿನ್ನದ ಗಣಿಯ ಊರಿನಿಂದ. ಅಲ್ಲಿ ಕೆಲಸಕ್ಕಿದ್ದವರು ರಜೆಗೆ ಊರಿಗೆ ಬಂದಾಗ ಚೆಂಡನ್ನೂ ತಂದರು, ಜಗಳವನ್ನೂ ತಂದರು. ಪಕ್ಕದ ಶ್ರೀನಿವಾಸಪುರದಲ್ಲೂ ಒಂದು ಕ್ಲಬ್ಬು ಹುಟ್ಟಿಕೊಂಡಿತ್ತು. ನಮಗೂ ಅವರಿಗೂ ಎಣ್ಣೆ ಸೀಗೇಕಾಯಿ. ಮದುವೆ ಮನೆಯಲ್ಲಿ ಎದುರುಬದುರು ಕೂತು ಉಂಡರೂ ಪಾಯಸ ಬರುವ ಹೊತ್ತಿಗೆ ಹೋದ ವರ್ಷದ ಗೋಲು ಆಫ್‌ಸೈಡೋ ಅಲ್ಲವೋ ಎಂದು ದನಿ ಏರುತ್ತಿತ್ತು.

ಟೈಲರಣ್ಣ ಯಾವತ್ತೂ ಚೆಂಡನ್ನು ಕಾಲಿನಿಂದ ಮುಟ್ಟಿದವರಲ್ಲ. ಆದರೆ ನಮ್ಮ ಕ್ಲಬ್ಬು ಎಂದರೆ ಅವರೇ. ನಮ್ಮ ಜರ್ಸಿ ಹೊಲಿಯುತ್ತಿದ್ದವರು ಅವರು, ಗೆರೆಯ ಪಕ್ಕ ನಿಂತು ಎದುರಾಳಿಗಳ ಮಾನ ಕಳೆಯುತ್ತಿದ್ದವರೂ ಅವರೇ. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಅವರು ಒಂದು ಮಾತು ಬಿಟ್ಟರೆ ಇಡೀ ಮೈದಾನ ನಗುತ್ತಿತ್ತು, ಆಡುತ್ತಿದ್ದವನು ಚೆಂಡು ಬಿಟ್ಟು ತಿರುಗಿ ನೋಡುತ್ತಿದ್ದ. ಶ್ರೀನಿವಾಸಪುರದ ಗೋಲ್‌ಕೀಪರಿಗೆ ಒಮ್ಮೆ, "ಶಿವಾರಪಟ್ಟಣದ ಶಿಲ್ಪಿಗಳಿಗೆ ಹೇಳಿ ಕಳ್ಸಿದೀನಪ್ಪ, ನಿಂದೊಂದು ವಿಗ್ರಹ ಕೆತ್ತಿಸ್ಕೊಡ್ತೀನಿ. ಅದನ್ನ ನಿಲ್ಲಿಸಿದ್ರೂ ಒಂದೇ, ನೀನ್ ನಿಂತ್ರೂ ಒಂದೇ!" ಎಂದಿದ್ದರು. ಪಾಪ, ಆ ಹುಡುಗ ಮುಂದಿನ ಗೋಲನ್ನೂ ನಿಂತಲ್ಲೇ ನಿಂತು ಬಿಟ್ಟುಕೊಟ್ಟ.

ಕೆಲಸದಲ್ಲಿ ಅವರಿಗೆ ಒಂದು ಜಂಬವಿತ್ತು. ಟೇಪು ಕೊರಳಲ್ಲಿ ಜೋತಾಡುತ್ತಿತ್ತು, ಅಷ್ಟೇ. ಅಂಗಡಿ ಮೆಟ್ಟಿಲು ಹತ್ತುತ್ತಿದ್ದವನನ್ನು ಒಂದು ಸಲ ನೋಡಿದರೆ ಸಾಕು, ಅಳತೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ. ನನ್ನ ಮದುವೆಯ ಅಂಗಿಯನ್ನು ಅವರು ಟೇಪು ಹಿಡಿಯದೆ ಹೊಲಿದುಕೊಟ್ಟರು, ಅಂಥ ಅಂಗಿ ಮತ್ತೆ ನನ್ನ ಮೈಗೆ ಸಿಗಲಿಲ್ಲ.

ಅಪ್ಪ ಅಮ್ಮ ಬೇಗ ಹೋಗಿದ್ದರಿಂದ ಒಬ್ಬಳೇ ತಂಗಿಯನ್ನು ಸಾಕಿ ಬೆಳೆಸಿದವರು ಅವರು. ಅವಳ ಮದುವೆಯಾಗಲಿ, ಆಮೇಲೆ ನನ್ನದು ಎನ್ನುತ್ತಾ ತಮ್ಮ ಮದುವೆಯ ವಯಸ್ಸನ್ನು ದಾಟಿಸಿಬಿಟ್ಟರು. ಕೊನೆಗೆ ತಂಗಿಯನ್ನು ಕೊಟ್ಟದ್ದು ಎಲ್ಲಿಗೆ? ಶ್ರೀನಿವಾಸಪುರಕ್ಕೇ. ಅದೂ ಆ ಕ್ಲಬ್ಬಿನ ಕ್ಯಾಪ್ಟನ್ನಿಗೆ! ನಾವು ಅವರನ್ನು ಗೋಳು ಹೊಯ್ದುಕೊಂಡದ್ದು ಅಷ್ಟಿಷ್ಟಲ್ಲ. ಅವರೂ ಬಿಡುವವರಲ್ಲ. "ಆಟದಲ್ಲಿ ಗೆಲ್ಲೋಕಾಗಲ್ಲ ಅಂತ ಗೊತ್ತಾಗಿ ನಮ್ಮನೆ ಹೆಣ್ಣು ಕೇಳ್ಕೊಂಡ್ ಬಂದವ್ರೆ, ಏನ್ಮಾಡ್ಲಿ" ಎಂದು ಆ ಕ್ಯಾಪ್ಟನ್ ಭಾವನ ಎದುರಿಗೇ ಹೇಳುತ್ತಿದ್ದರು. ಭಾವನೂ ನಗುತ್ತಿದ್ದ. ಭಾವ ಭಾವಮೈದುನರ ನಡುವೆ ಎಂಥ ಮಾತೂ ನಡೆಯುತ್ತದೆ ನಮ್ಮ ಕಡೆ. ಮದುವೆಯ ದಿನ ಚಪ್ಪಲಿ ಬಚ್ಚಿಡುವುದರಿಂದ ಶುರುವಾದ ಕೀಟಲೆ ಮುದುಕರಾದರೂ ಮುಗಿಯುವುದಿಲ್ಲ. ಅದಕ್ಕೊಂದು ಗೆರೆ ಎಲ್ಲಾದರೂ ಇದೆಯೆಂದು ಟೈಲರಣ್ಣ ಯೋಚಿಸಿರಲಿಲ್ಲ. ನಾವ್ಯಾರೂ ಯೋಚಿಸಿರಲಿಲ್ಲ.

ಆ ವರ್ಷ ಮಾವಿನ ಕಾಲ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಚಿತ್ತೂರು ಕಡೆಯ ಒಬ್ಬ ಸಾಹುಕಾರ ಶ್ರೀನಿವಾಸಪುರದ ಹತ್ತಿರ ಮಾವಿನ ರಸದ ಫ್ಯಾಕ್ಟರಿ ಹಾಕುತ್ತಾನಂತೆ. ಅವನಿಗೆ ಫುಟ್ಬಾಲೆಂದರೆ ಪ್ರಾಣವಂತೆ. ಆ ಕ್ಲಬ್ಬನ್ನು ಫ್ಯಾಕ್ಟರಿಯ ಟೀಮಾಗಿ ತೆಗೆದುಕೊಂಡು ಆಡುವ ಹುಡುಗರಿಗೆಲ್ಲ ಖಾಯಂ ಕೆಲಸ ಕೊಡುತ್ತಾನಂತೆ. ಇಷ್ಟು ಸುದ್ದಿ. ಆದರೆ ಪ್ರತಿ ಬಸ್ಸಿನಲ್ಲೂ ಅದು ಬೆಳೆಯುತ್ತಾ ಬಂತು. ಹುಲ್ಲಿನ ಮೈದಾನ ಬರುತ್ತೆ, ಕಲ್ಕತ್ತದಿಂದ ಕೋಚ್ ಬರುತ್ತಾನೆ, ಎಲ್ಲರಿಗೂ ಬೂಟ್ಸು, ಟೀಮಿಗೇ ಸ್ವಂತ ಬಸ್ಸು, ಮ್ಯಾಚ್ ಮುಗಿದ ಮೇಲೆ ಬಿಸಿನೀರಿನ ಸ್ನಾನ. ಎರಡು ವರ್ಷದಲ್ಲಿ ಬೆಂಗಳೂರಿನ ದೊಡ್ಡ ಟೀಮುಗಳನ್ನು ಸೋಲಿಸಿ, ಆಮೇಲೆ ದಿಲ್ಲಿಗೆ ಹೋಗುವುದಂತೆ. ಕುಡಿಯುವ ನೀರಿಗೆ ಬೋರ್‌ವೆಲ್ ಮುಂದೆ ಸಾಲು ನಿಲ್ಲುವ ಊರಿನವರು ಬಿಸಿನೀರಿನ ಮಾತಾಡಿದರೆ ನಾವು ಸುಮ್ಮನಿರುತ್ತೇವೆಯೇ?

ನಮಗೆ ಹಬ್ಬ. ಶ್ರೀನಿವಾಸಪುರದ ಬಸ್ಸು ಸ್ಟ್ಯಾಂಡಿಗೆ ಬಂದರೆ ನಮ್ಮವರು ಸಾಲಾಗಿ ನಿಂತು ಸಲ್ಯೂಟ್ ಹೊಡೆಯುತ್ತಿದ್ದರು. ಇಳಿಯುತ್ತಿದ್ದವರು ಸಂತೆಗೆ ಬಂದ ಹೆಂಗಸರೋ ಮುದುಕರೋ, ಅವರಿಗೇನು ಗೊತ್ತು. ಟೈಲರಣ್ಣ ಅಂಗಡಿಯಿಂದಲೇ ಕೂಗುತ್ತಿದ್ದರು: "ಲೇ, ಕಲ್ಕತ್ತದವರಿಗೆ ದಾರಿ ಬಿಡ್ರೋ! ಬೂಟ್ಸ್ ಬಂದ್ವೇನಪ್ಪಾ? ಎರಡೂ ಕಾಲಿಗೆ ಬಂದ್ವೋ, ಒಂದು ಕಾಲಿಗೆ ಮಾತ್ರಾನೋ?" ಗೋಲು ಹೊಡೆದವನಿಗೆ ಸಾಹುಕಾರ ಹಣ್ಣು ಕೊಡುತ್ತಾನೆ, ಹೊಡೆಯದವನಿಗೆ ಚೀಪಿದ ವಾಟೆ ಕೊಡುತ್ತಾನೆ ಎಂದು ಇನ್ನೊಂದು. ನಕ್ಕೂ ನಕ್ಕೂ ನಮ್ಮ ಹೊಟ್ಟೆ ಹುಣ್ಣಾಗುತ್ತಿತ್ತು. ಆ ನಗುವಿನ ಅಡಿಯಲ್ಲಿ ಹೊಟ್ಟೆಕಿಚ್ಚೂ ಇತ್ತು ಎಂದು ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮೂರಿಗೆ ಯಾವ ಸಾಹುಕಾರನೂ ಬರುವವನಿರಲಿಲ್ಲ.

ಭಾವನಿಗೆ ಮಾತ್ರ ಇದು ಆಟದ ಮಾತಾಗಿರಲಿಲ್ಲ. ಮಾವಿನ ಮಂಡಿಯಲ್ಲಿ ಅವನಿಗೆ ಕೂಲಿ ಸಿಗುತ್ತಿದ್ದದ್ದು ಹಣ್ಣಿನ ಕಾಲದಲ್ಲಿ ಮಾತ್ರ. ಉಳಿದ ತಿಂಗಳು ಅಣ್ಣಂದಿರ ಮನೆಯ ಅನ್ನ, ಆ ಅನ್ನದ ಜೊತೆ ಅವರ ಮಾತು. ಖಾಯಂ ಕೆಲಸವೊಂದಾದರೆ ಹೆಂಡತಿಯನ್ನು ಕರೆದುಕೊಂಡು ಬೇರೆ ಮನೆ ಮಾಡಬೇಕೆಂದು ಅವನ ಆಸೆ. ಅದು ಟೈಲರಣ್ಣನಿಗೂ ಗೊತ್ತಿತ್ತು. ಸಾಹುಕಾರ ಮೈದಾನ ನೋಡಲು ಬರುವ ದಿನ ಗೊತ್ತಾಯಿತು. ಅವತ್ತು ನಮ್ಮ ಟೀಮಿನ ಜೊತೆ ಮ್ಯಾಚು. ಭಾವ ಒಂದು ಹಳೆಯ ಅಂಗಿಯನ್ನು ಅಳತೆಗೆಂದು ಹಿಡಿದುಕೊಂಡು ಬಂದ. ನಾನು ಅಂಗಡಿಯಲ್ಲೇ ಕೂತಿದ್ದೆ.

"ಹನ್ನೊಂದು ಜರ್ಸಿ ಬೇಕು ಭಾವ. ಹಳದಿ ಪಾಪ್ಲಿನ್ನು, ಹಸಿರು ಕಾಲರ್ರು. ಊರಲ್ಲಿ ಎಲ್ರೂ ಬೇಡ ಅಂದ್ರು, ಮುಳಬಾಗಿಲವನಿಗೆ ಯಾಕ್ ಕೊಡ್ತೀಯ ಅಂತ. ನಮ್ ಭಾವ ಬಿಟ್ರೆ ಇಂಥದ್ದು ಯಾರ್ ಹೊಲೀತಾರೆ ಅಂದೆ" ಎಂದ. ಟೈಲರಣ್ಣ ತಲೆಯಾಡಿಸಿದರು. ಅವನು ಹೋದ ಮೇಲೆ ಆ ಹಳೆಯ ಅಂಗಿಯನ್ನು ಎತ್ತಿ ಹಿಡಿದು ನೋಡಿ, ತಮ್ಮಷ್ಟಕ್ಕೆ ನಕ್ಕರು. ಏನೆಂದು ಕೇಳಿದರೆ ಅಂಗಿಯನ್ನು ಮಡಿಸಿ ಒಳಗಿಟ್ಟರು.

ಅಷ್ಟರಲ್ಲಿ ತಂಗಿ ತವರಿಗೆ ಬಂದು ಒಂದು ವಾರ ಇದ್ದಳು. ದುಂಡಗಿನ ಮುಖದ, ಮೈಕೈ ತುಂಬಿಕೊಂಡ ಹೆಂಗಸು. ಅಣ್ಣನ ನಗೆಯೇ ಅವಳಿಗೂ. ತನ್ನ ಒಂದು ಅಳತೆ ರವಿಕೆಯನ್ನು ಅಂಗಡಿಯಲ್ಲೇ ಬಿಟ್ಟಿದ್ದಳು, ಹಬ್ಬಕ್ಕೆ ಹೊಸದು ಹೊಲಿಯಲಿ ಎಂದು. ಮ್ಯಾಚಿನ ಹಿಂದಿನ ದಿನ ಗಂಡನ ಮನೆಗೆ ಹೊರಟಾಗ ಟೈಲರಣ್ಣ ಜರ್ಸಿಗಳನ್ನು ಇಸ್ತ್ರಿ ಮಾಡಿ, ಒಂದರ ಮೇಲೊಂದು ಮಡಿಸಿ, ಪಂಚೆಯಲ್ಲಿ ಕಟ್ಟಿದ ಗಂಟನ್ನು ಅವಳ ತೊಡೆಯ ಮೇಲಿಟ್ಟು ಬಸ್ಸು ಹತ್ತಿಸಿದರು. "ಬಿಚ್ಚಬೇಡ, ಮಡಿಕೆ ಕೆಡುತ್ತೆ. ಸಾಹುಕಾರನೇ ಬಿಚ್ಚಲಿ" ಎಂದರು. ಅವಳು ದಾರಿಯುದ್ದಕ್ಕೂ ಆ ಗಂಟನ್ನು ಕೆಳಗಿಡಲಿಲ್ಲವಂತೆ.

ಮರುದಿನ ಶ್ರೀನಿವಾಸಪುರದ ಮೈದಾನದ ಸುತ್ತ ಜಾತ್ರೆಯಷ್ಟು ಜನ. ಮಾವಿನೆಲೆ ತೋರಣ, ಮೈಕು, ಬಿಳಿ ಬಟ್ಟೆ ಹಾಸಿದ ಕುರ್ಚಿ. ಸಾಹುಕಾರ ಕಾರಿನಿಂದ ಇಳಿದ. ಬಿಳಿ ಪಂಚೆ, ಬಿಳಿ ಶರಟು, ಕೈಬೆರಳಲ್ಲಿ ಉಂಗುರಗಳು. ಹಾರ ಹಾಕಿಸಿಕೊಂಡು ಅವನೇ ಒಬ್ಬೊಬ್ಬ ಹುಡುಗನಿಗೂ ಮಡಿಸಿದ ಜರ್ಸಿ ಕೊಟ್ಟು ಕೈ ಕುಲುಕಿದ. ಎಲ್ಲರೂ ಅಲ್ಲೇ, ಜನರ ಮುಂದೆಯೇ ಅದನ್ನು ತೊಡುವುದೆಂದು ಮೈಕಿನಲ್ಲಿ ಕೂಗಿದರು. ನಾವು ಆಚೆ ಬದಿಯಲ್ಲಿ ಸಾಲಾಗಿ ನಿಂತಿದ್ದೆವು. ಮೊದಲು ಭಾವ ತಲೆ ತೂರಿಸಿದ.

ಅಂಗಿ ಇಳಿಯುತ್ತಾ ಹೋಯಿತು. ಚಡ್ಡಿ ಮುಚ್ಚಿತು, ಮೊಣಕಾಲು ಮುಟ್ಟಿತು. ತೋಳಿನೊಳಗೆ ಅವನ ಬೆರಳುಗಳೂ ಕಾಣಲಿಲ್ಲ. ಅವನ ಪಕ್ಕದವನದೂ ಹಾಗೆಯೇ, ಅವನ ಪಕ್ಕದವನದೂ. ಗೋಲ್‌ಕೀಪರ್ ಕುಳ್ಳ, ಅವನ ಅಂಗಿ ಹೆಚ್ಚುಕಡಿಮೆ ನೆಲಕ್ಕೆ. ಒಂದು ಗಳಿಗೆ ಇಡೀ ಮೈದಾನ ಸುಮ್ಮನಾಯಿತು. ಆಮೇಲೆ ನಮ್ಮ ಕಡೆಯಿಂದ ಟೈಲರಣ್ಣನ ಗಂಟಲು ಎದ್ದಿತು: "ದೊಡ್ಡ ಕ್ಲಬ್ಬಿಗೆ ದೊಡ್ಡ ಅಂಗಿ!"

ನಗು ಸ್ಫೋಟಿಸಿತು. ನಮ್ಮವರು ನಕ್ಕರು, ಅವರ ಊರಿನವರೇ ನಕ್ಕರು, ಮಕ್ಕಳು ನೆಲದ ಮೇಲೆ ಬಿದ್ದು ಹೊರಳಾಡಿದವು. ನಾನೂ ನಕ್ಕೆ. ಬಟ್ಟೆ ಸಾಲದೆ ಟೈಲರಣ್ಣ ತಮ್ಮ ಕೈಯಿಂದ ದುಡ್ಡು ಹಾಕಿ ಹೆಚ್ಚು ಪಾಪ್ಲಿನ್ ತಂದಿದ್ದರೆಂದು ಆಮೇಲೆ ಗೊತ್ತಾಯಿತು. ಸಾಹುಕಾರ ನಗಲಿಲ್ಲ. ತಾನೇ ಕೈಯಾರೆ ಹಂಚಿದ ಅಂಗಿಗಳನ್ನು ನೋಡಿದ, ಜನರನ್ನು ನೋಡಿದ. ತನ್ನನ್ನು ನೋಡಿಯೇ ನಗುತ್ತಿದ್ದಾರೆ ಎಂದುಕೊಂಡನೋ ಏನೋ. "ಇದೇಮಿ, ಡ್ರಾಮಾ ಕಂಪನಿನಾ?" ಎಂದಷ್ಟೇ ಪಕ್ಕದವನಿಗೆ ತೆಲುಗಿನಲ್ಲಿ ಹೇಳಿ, ಕೊರಳ ಹಾರ ತೆಗೆದು ಕುರ್ಚಿಯ ಮೇಲಿಟ್ಟು ಕಾರು ಹತ್ತಿದ. ಹಿಂದೆ ಓಡಿದವರಿಗೆ ಧೂಳು ಸಿಕ್ಕಿತು.

ಶ್ರೀನಿವಾಸಪುರದವರು ಹಳೆಯ ಅಂಗಿ ಹಾಕಿಕೊಂಡು ಆಡಿದರು. ಅಂಥ ಆಟವನ್ನು ನಾನು ಆ ಕ್ಲಬ್ಬಿನಿಂದ ಎಂದೂ ನೋಡಿರಲಿಲ್ಲ. ನಮ್ಮನ್ನು ತುಳಿದು ಹಾಕಿಬಿಟ್ಟರು. ಭಾವ ನನ್ನನ್ನು ದಾಟಿಕೊಂಡು ಹೋಗಿ ಗೋಲು ಹೊಡೆದ, ಕಾಲು ಅಡ್ಡ ಕೊಡಲು ಕೂಡ ನನಗೆ ಮನಸ್ಸಾಗಲಿಲ್ಲ. ಆದರೆ ಅದನ್ನು ನೋಡಬೇಕಾದವನು ಅಲ್ಲಿರಲಿಲ್ಲ. ಮ್ಯಾಚು ಮುಗಿದ ಮೇಲೆ ಭಾವ ಗೆರೆಯ ಹತ್ತಿರ ಬಂದು ಟೈಲರಣ್ಣನ ಎದುರು ನಿಂತ. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡೆವು.

"ಭಾವ, ಆ ಗಂಟು ಹೊತ್ಕೊಂಡ್ ಬಂದಿದ್ದು ಅವಳು" ಎಂದ. ಅಷ್ಟೇ ಹೇಳಿ ತಿರುಗಿ ಹೋದ.

ಟೈಲರಣ್ಣನ ಮುಖದ ಬಣ್ಣ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಕೀಟಲೆ ಭಾವನ ಜೊತೆ ಎಂದುಕೊಂಡಿದ್ದರು, ಅಷ್ಟೇ. ಆ ಮನೆಯಲ್ಲಿ ರಾತ್ರಿ ಬಾಗಿಲು ಹಾಕಿದ ಮೇಲೆ ಯಾರು ಯಾರನ್ನು ಏನು ಕೇಳುತ್ತಾರೆ ಎಂಬುದು ಅವರ ತಲೆಗೆ ಹೊಳೆದೇ ಇರಲಿಲ್ಲ. ಅಣ್ಣ ತಂಗಿ ಸೇರಿಕೊಂಡು ನಮ್ಮ ಹುಡುಗನ ಅನ್ನಕ್ಕೆ ಮಣ್ಣು ಹಾಕಿದರು ಎಂದು ಊರೆಲ್ಲ ಹೇಳಿತು. ಗಂಟು ಬಿಚ್ಚಿಯೂ ನೋಡಿಲ್ಲ ಎಂದು ಅವಳು ಆಣೆ ಮಾಡಿದರೂ ನಂಬಿದವರಿಲ್ಲ.

ಫ್ಯಾಕ್ಟರಿ ಬರಲಿಲ್ಲ. ಆ ಸಾಹುಕಾರ ಇಂಥದ್ದೇ ಆಸೆಯನ್ನು ಬೇರೆ ಊರುಗಳಿಗೂ ಹುಟ್ಟಿಸಿ ಹೋಗಿದ್ದನೆಂದು ಆಮೇಲೆ ಸುದ್ದಿ ಬಂತು. ಅವನು ಎಲ್ಲೂ ಏನೂ ಕಟ್ಟುವವನಲ್ಲ ಎಂದೇ ನನಗೂ ಈಗ ಅನ್ನಿಸುತ್ತದೆ. ಅದನ್ನು ಟೈಲರಣ್ಣನಿಗೆ ಹೇಳಿದೆ, ಒಂದಲ್ಲ ಹತ್ತು ಸಲ. ಅವರು ಮಿಷನ್ ತುಳಿಯುತ್ತಲೇ, "ಇರಬೋದಪ್ಪ. ಆದ್ರೆ ಅವನಾಗೇ ಮೋಸ ಮಾಡಿ ಹೋಗೋಕೂ ನಾನು ಬಿಡ್ಲಿಲ್ವಲ್ಲ, ಮುಂಚೇನೇ ಓಡಿಸ್ಬಿಟ್ಟೆ" ಎಂದರು.

ಆ ವರ್ಷದ ಗೌರಿ ಹಬ್ಬಕ್ಕೆ ಬಾಗಿನ, ಸೀರೆ, ಹೊಸ ರವಿಕೆ ತೆಗೆದುಕೊಂಡು ಶ್ರೀನಿವಾಸಪುರಕ್ಕೆ ಹೋದರು. ನೀರು ಕೊಟ್ಟರಂತೆ, ಕೂರಲು ಹೇಳಲಿಲ್ಲವಂತೆ. ತಂಗಿ ಬಾಗಿಲ ಮರೆಯಲ್ಲೇ ನಿಂತು, "ಅಣ್ಣಾ, ನನ್ ಕೈಲೇ ಕೊಟ್ಟು ಕಳ್ಸಿದ್ಯಲ್ಲಾ. ಒಂದು ಮಾತು ನಂಗಾದ್ರೂ ಹೇಳ್ಬಾರ್ದಿತ್ತಾ" ಎಂದಳಂತೆ. ಇನ್ನು ಬರಬೇಡ, ನೀನು ಬಂದು ಹೋದ ದಿನ ನನಗೆ ಕಷ್ಟ ಎಂದೂ ಹೇಳಿದಳಂತೆ. ಬಾಗಿನ ಮರಳಿ ಬಂತು. ಅವರು ಮತ್ತೆ ಹೋಗಲಿಲ್ಲ. ಆದರೆ ಪ್ರತಿ ಗೌರಿ ಹಬ್ಬಕ್ಕೂ ಅಳತೆ ರವಿಕೆಯನ್ನು ಮುಂದಿಟ್ಟುಕೊಂಡು ಒಂದು ರವಿಕೆ ಹೊಲಿದು ಬೀರುವಿನಲ್ಲಿ ಇಡುತ್ತಿದ್ದರು.

ಮೈದಾನದ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಹೊಲಿದ ಬಟ್ಟೆಯನ್ನು ತೊಡಿಸಿ ನೋಡದೆ ಯಾರಿಗೂ ಕೊಡುತ್ತಿರಲಿಲ್ಲ. ಅವಸರವಾಗಿದೆ ಎಂದರೂ ಬಿಡದೆ, "ಹಾಕ್ಕೊಂಡು ತೋರ್ಸಪ್ಪ, ಆಮೇಲೆ ಹೋಗು" ಎನ್ನುತ್ತಿದ್ದರು. ಗಿರಾಕಿಗಳು ಬೇಸರಪಟ್ಟು ಬೇರೆ ಅಂಗಡಿ ಹುಡುಕಿಕೊಂಡರು. ನಮ್ಮ ಕ್ಲಬ್ಬಿನ ಹೊಸ ಹುಡುಗರಿಗೆ ಅವರು ಯಾರೆಂದೇ ಗೊತ್ತಿರಲಿಲ್ಲ.

ಎಂಬತ್ತರ ದಶಕ ಅರ್ಧ ಕಳೆದಿತ್ತು. ಒಂದು ಬೆಳಗ್ಗೆ ಮೊದಲ ಬಸ್ಸಿನಲ್ಲಿ ಬಂದವನು ಟೈಲರಣ್ಣನ ತಂಗಿ ತೀರಿಕೊಂಡ ಸುದ್ದಿ ತಂದ. ಕ್ಷಯ, ಬಹಳ ದಿನದಿಂದಲೂ ಇತ್ತಂತೆ, ನಮಗೆ ಯಾರೂ ಹೇಳಿರಲಿಲ್ಲ. ಅಂಗಿಗಳಿಂದ ಅವಳು ಸತ್ತಳೆಂದು ನಾನು ಹೇಳುವುದಿಲ್ಲ, ಕಾಯಿಲೆಯಿಂದ ಸತ್ತಳು. ಆದರೆ ತವರಿನ ಬಾಗಿಲು ತೆರೆದಿದ್ದರೆ ಅಣ್ಣ ಅವಳನ್ನು ಹೊತ್ತುಕೊಂಡಾದರೂ ಕೋಲಾರದ ಆಸ್ಪತ್ರೆಗೆ ಸೇರಿಸುತ್ತಿದ್ದರು. ಅದು ನನಗೆ ಗೊತ್ತು.

ನಮ್ಮ ಕಡೆ ಮುತ್ತೈದೆ ಹೋದರೆ ಕೊನೆಯ ಸೀರೆ ತವರಿನಿಂದಲೇ ಬರಬೇಕು. ಟೈಲರಣ್ಣ ಬೀರು ತೆಗೆದು ಸೀರೆ, ಹಬ್ಬಕ್ಕೆಂದು ಹೊಲಿದಿಟ್ಟಿದ್ದ ಹಸಿರು ರವಿಕೆ ತೆಗೆದುಕೊಂಡರು. ಅವರ ಜೊತೆ ನಾನು ಹೋದೆ. ಬಸ್ಸಿನಲ್ಲಿ ಆ ಗಂಟನ್ನು ಅವರು ತೊಡೆಯ ಮೇಲಿಂದ ಕೆಳಗಿಡಲಿಲ್ಲ.

ಆ ಮನೆಯ ಜಗಲಿಯಲ್ಲಿ ಹಳೆಯ ಟೀಮಿನವರು ಕೆಲವರು ಕೂತಿದ್ದರು. ಎದ್ದು ಜಾಗ ಬಿಟ್ಟರು. ಸೀರೆ, ರವಿಕೆ ಒಳಗೆ ಹೋದವು. ಸ್ವಲ್ಪ ಹೊತ್ತಾದ ಮೇಲೆ ಮುದುಕಿಯೊಬ್ಬಳು ರವಿಕೆಯನ್ನು ಹಿಡಿದುಕೊಂಡು ಹೊರಗೆ ಬಂದಳು. ಅವಳಿಗೆ ಹಿಂದಿನದೇನೂ ಗೊತ್ತಿರಲಿಕ್ಕಿಲ್ಲ.

"ಇದ್ಯಾರಪ್ಪಾ ಹೊಲಿದಿದ್ದು? ಹಾಕಿದ್ರೆ ಜಾರಿ ಬೀಳ್ತೈತೆ. ಇಂಥೋರು ಇಬ್ರು ಹಿಡೀತಾರೆ ಇದ್ರಾಗೆ. ಆ ತಾಯಿ ಮೈಮ್ಯಾಗೆ ಮೂಳೆ ಬಿಟ್ರೆ ಇನ್ನೇನೈತೆ ಈಗ..."

ಜಗಲಿ ಸುಮ್ಮನಾಯಿತು. ಅವತ್ತು ಮೈದಾನದಲ್ಲಿ ಆಗಿದ್ದು ಇದೇ ಮೌನ. ಈ ಸಲ ಅದರ ಹಿಂದೆ ನಗು ಬರಲಿಲ್ಲ.

ಟೈಲರಣ್ಣ ಕೈ ಚಾಚಿ ರವಿಕೆಯನ್ನು ತೆಗೆದುಕೊಂಡರು. "ಸೂಜಿ ದಾರ ಇದ್ರೆ ಕೊಡ್ರಮ್ಮ" ಎಂದರು. ಒಳಗೆ ಹೋಗಿ ಸೂಜಿ ದಾರ ತಂದುಕೊಟ್ಟವನು ಭಾವ. ಪಕ್ಕದ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ, "ಎಷ್ಟು ಹಿಡೀಬೇಕು?" ಎಂದು ಕೇಳಿದರು. ಮುದುಕಿ ನಾಲ್ಕು ಬೆರಳು ಜೋಡಿಸಿ ತೋರಿಸಿದಳು, ಆ ಕಡೆ ಅಷ್ಟು, ಈ ಕಡೆ ಅಷ್ಟು. ಟೈಲರಣ್ಣ ದಾರದ ತುದಿ ನೆನೆಸಿ ಎರಡು ಸಲ ಸೂಜಿಯ ಕಣ್ಣಿಗೆ ಹಿಡಿದರು, ಎರಡು ಸಲವೂ ತಪ್ಪಿತು. ಭಾವ ಪೋಣಿಸಿಕೊಟ್ಟ. ಆಮೇಲೆ ಪಕ್ಕದಲ್ಲಿ ಕೂತು ಬಟ್ಟೆಯ ಇನ್ನೊಂದು ತುದಿಯನ್ನು ಎಳೆದು ಹಿಡಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊಲಿಗೆ ಮುಗಿಯುವ ತನಕ ಒಳಗಿನವರು ಕಾದರು, ಹೊರಗಿನವರೂ ಕಾದೆವು.

ಮಣ್ಣು ಕೊಟ್ಟು ಹಿಂದಿರುಗುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು. ನಮ್ಮೂರ ಬಂಡೆ ಬೆಟ್ಟ ಕಾಣಿಸುವ ಹೊತ್ತಿಗೆ ಒಂದೇ ಒಂದು ಮಾತಾಡಿದರು.

"ಒಂದ್ಸಲ ನೋಡಿದ್ರೆ ಸಾಕಿತ್ತು ಕಣಪ್ಪ... ಅಳತೆ ಗೊತ್ತಾಗ್ತಿತ್ತು."

ಆಮೇಲೆ ಅವರು ಬಹಳ ದಿನ ಉಳಿಯಲಿಲ್ಲ. ಅಂಗಡಿ ತೆರೆಯುವುದು ಕಡಿಮೆಯಾಗುತ್ತಾ ಬಂದು ಒಂದು ದಿನ ಪೂರ್ತಿ ನಿಂತಿತು. ಅವರಿಗೆ ಹೆಗಲು ಕೊಟ್ಟವರಲ್ಲಿ ಭಾವನೂ ಒಬ್ಬ. ನಾನು ಇನ್ನೊಬ್ಬ. ಆ ಮಿಷನ್ನು ಯಾರ ಪಾಲಾಯಿತೋ ಗೊತ್ತಿಲ್ಲ. ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ.

"ನೀವು ಆಡೋವಾಗ ಯಾರನ್ನ ಗೇಲಿ ಮಾಡ್ತಿದ್ರಿ ತಾತ?" ಎಂದು ಮೊಮ್ಮಗ ಕೇಳಿದ. ಶ್ರೀನಿವಾಸಪುರದವರನ್ನ ಎಂದೆ. ಆ ಕ್ಲಬ್ ಈಗಲೂ ಇದೆಯಾ ಎಂದ. ಇಲ್ಲ ಎಂದೆ. ನಿಮ್ಮದು ಎಂದ. ಅದೂ ಇಲ್ಲ.

ಅವನು ಆಡಲು ಓಡುವುದರಲ್ಲಿದ್ದ. ಬಾ ಇಲ್ಲಿ ಎಂದು ಕರೆದು, ಜೋತುಬಿದ್ದ ತೋಳುಗಳನ್ನು ಎರಡೂ ಕಡೆ ನಾಲ್ಕು ಬೆರಳಿನಷ್ಟು ಮಡಿಸಿದೆ. ಹೀಗಿದ್ದರೇ ಸ್ಟೈಲು ತಾತ ಎಂದು ಅವನು ಗೇಟು ದಾಟುವ ಮುಂಚೆಯೇ ಅದನ್ನು ಬಿಚ್ಚಿಕೊಂಡ. ಸೊಸೆ ಕಾಫಿ ತಂದು, ಯಾಕೆ ಮಾವ ಕಣ್ಣು ಹೀಗಾಗಿದೆ ಎಂದು ಕೇಳಿದಳು.